ಕಳೆದ ನಾಯಿ, ಅಡಗಿದ ಬೆಕ್ಕು

2024ರ ಜೂನ್ ಕೊನೆಯ ವಾರ ಬೆಳಗಾವಿ ಜಿಲ್ಲೆ ನಿಪ್ಪಾಣಿ ತಾಲ್ಲೂಕಿನ ಯಮಗರ್ಣಿಯಿಂದ ಪಂಢರಪುರಕ್ಕೆ ಪಾದಯಾತ್ರೆ ಹೊರಟವರ ಹಿಂದೆ ‘ಮಹಾರಾಜ’ ಎಂಬ ಕರಿ ನಾಯಿಯೂ ಹೊರಟಿತು. ಸುಮಾರು 250 ಕಿಲೋಮೀಟರ್ ನಡೆದೇ ಹೋಯಿತು. ವಿಠ್ಠಲನ ದರ್ಶನ ಮುಗಿಸಿ ಬಂದ ಯಜಮಾನನಿಗೆ ನಾಯಿ ಕಾಣಲಿಲ್ಲ. ಬೇರೆ ತಂಡದವರ ಜೊತೆ ಹೋಯಿತೆಂದು ಯಾರೋ ಹೇಳಿದರು. ಹುಡುಕಿ ಸಾಕಾಗಿ ಆತ ಜುಲೈ 14ರಂದು ಊರಿಗೆ ಮರಳಿದ. ಮರುದಿನ ನೋಡಿದರೆ ಮಹಾರಾಜ ಮನೆ ಮುಂದೆ ಬಾಲ ಅಲ್ಲಾಡಿಸುತ್ತ ನಿಂತಿದೆ! ಊರವರು ಹಾರ ಹಾಕಿ, ಊರಿಗೇ ಊಟ ಹಾಕಿಸಿದರು.

ನಾಯಿಗೆ ದಾರಿ ಹೇಗೆ ತಿಳಿಯುತ್ತದೆ? ಜೆಕ್ ದೇಶದ ವಿಜ್ಞಾನಿಗಳು 27 ಬೇಟೆನಾಯಿಗಳ ಕೊರಳಿಗೆ ಜಿಪಿಎಸ್ ಕಟ್ಟಿ ಕಾಡಿಗೆ ಬಿಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯಿತು. ಹೆಚ್ಚಿನವು ತಮ್ಮ ವಾಸನೆಯನ್ನೇ ಹಿಡಿದು ಹೋದ ದಾರಿಯಲ್ಲೇ ಹಿಂದಿರುಗಿದವು. ಹೊಸ ದಾರಿ ಹಿಡಿದವು ಮಾತ್ರ ಹೊರಡುವ ಮೊದಲು ಸುಮಾರು 20 ಮೀಟರ್ ಉತ್ತರ-ದಕ್ಷಿಣವಾಗಿ ಓಡಿ, ಆಮೇಲೆ ಯಜಮಾನನತ್ತ ತಿರುಗುತ್ತಿದ್ದವು. ಭೂಮಿಯ ಅಯಸ್ಕಾಂತ ಕ್ಷೇತ್ರದ ನೆರವು ಪಡೆಯುತ್ತಿರಬಹುದು ಎಂಬುದು ಅವರ ಊಹೆ. ಮಹಾರಾಜನೂ ಹೋಗುವಾಗ ಅಷ್ಟೂ ದಾರಿಯನ್ನು ನಡೆದೇ ಹೋಗಿತ್ತು ಎಂಬುದನ್ನು ಮರೆಯಬಾರದು. ಟಂಟಂನಲ್ಲಿ ಕೂರಿಸಿ ಒಯ್ದು ಬಿಟ್ಟ ನಾಯಿಗೆ ಆ ಅನುಕೂಲವಿಲ್ಲ.

ಆದ್ದರಿಂದ ಯಾದಗಿರಿ ಹತ್ತಿರದ ರಾಮಸಮುದ್ರದಲ್ಲಿ ನಿಮ್ಮ ನಾಯಿ ಕಳೆದಾಗ ಕಟ್ಟೆಯ ಮೇಲಿನವರು “ಎಲ್ಲಿ ಹೋಗ್ತದ, ಹಸಿವಾದ್ರ ತಾನ ಬರ್ತದ ಬಿಡ್ರಿ” ಅಂದರೆ ತಲೆಯಾಡಿಸಿ, ಹುಡುಕಲು ಹೊರಡಿ. ಸುದ್ದಿಯಾಗುವುದು ಮರಳಿ ಬಂದ ನಾಯಿ ಮಾತ್ರ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, ಸಿಕ್ಕ ನಾಯಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಿಕ್ಕಿದ್ದು ಯಜಮಾನರು ಓಣಿ ಓಣಿ ಸುತ್ತಿದ್ದರಿಂದ.

ಬೆಕ್ಕಿನ ಲೆಕ್ಕ ಇನ್ನೂ ಬೇರೆ. ಕಳೆದುಹೋದ 1,210 ಬೆಕ್ಕುಗಳ ಕುರಿತ 2018ರ ಅಧ್ಯಯನದಲ್ಲಿ, ಸಿಕ್ಕವುಗಳ ಪೈಕಿ ಮುಕ್ಕಾಲು ಪಾಲು ಸಿಕ್ಕಿದ್ದು ಕಳೆದ ಜಾಗದಿಂದ 500 ಮೀಟರ್ ಒಳಗೆ. ಹೆದರಿದ ಬೆಕ್ಕು ಓಡುವುದಕ್ಕಿಂತ ಹೆಚ್ಚಾಗಿ ಅಡಗುತ್ತದೆ. ಸಾಕಿದವರು ಕರೆದರೂ ಉಸಿರೆತ್ತುವುದಿಲ್ಲ. ಅದಕ್ಕೇ ಪಕ್ಕದ ಮನೆಯ ಅಟ್ಟ, ಕಣಕಿ ಬಣವಿಯ ಬುಡ, ಕುಳ್ಳಿನ ರಾಶಿ, ಹತ್ತಿ ತುಂಬಿಟ್ಟ ಕೋಣೆ, ಟ್ರ್ಯಾಕ್ಟರ್ ಟ್ರೇಲರಿನ ಕೆಳಗೆ, ಎಲ್ಲವನ್ನೂ ಬಗ್ಗಿ ನೋಡಬೇಕು. “ನಮ್ಮ ಮನ್ಯಾಗಿಲ್ಲ” ಎಂಬ ಉತ್ತರ ಸಾಲದು, ನೋಡಲು ಅನುಮತಿ ಕೇಳಿ. ಊರು ಮಲಗಿದ ಮೇಲೆ ಟಾರ್ಚ್ ಹಿಡಿದು ಹೋದರೆ ಕಣ್ಣು ಹೊಳೆಯುತ್ತದೆ. ಹಗಲಿನ ನಾಲ್ಕು ಸುತ್ತಿಗಿಂತ ಈ ಒಂದು ಸುತ್ತು ಮೇಲು ಎಂದೇ ನನ್ನ ಎಣಿಕೆ.

ನಾಯಿ ದೀಪಾವಳಿಯ ಪಟಾಕಿಗೋ ಗಣಪತಿ ಮೆರವಣಿಗೆಯ ಡಿಜೆಗೋ ಬೆದರಿ ಓಡಿದ್ದರೆ ಊರ ಹೊರಗೇ ಹೋಗಿರಬಹುದು. ಆ ಹೊತ್ತಿಗೆ ತೊಗರಿ ಎದೆಮಟ್ಟ ಬೆಳೆದಿರುತ್ತದೆ, ಒಳಗೆ ಕೂತರೆ ಮನುಷ್ಯನೂ ಕಾಣುವುದಿಲ್ಲ. ಇಲ್ಲಿ ಕಣ್ಣಾಗಬೇಕಾದವರು ಕುರಿ ಕಾಯುವವರು, ಹೊಲಕ್ಕೆ ನೀರು ಬಿಡುವವರು, ನಸುಕಿನಲ್ಲಿ ಹಾಲು ಒಯ್ಯುವವರು. ವಾಟ್ಸಾಪ್ ಸ್ಟೇಟಸ್ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಗುಡಿಯ ಮೈಕಿನಲ್ಲಿ ಒಂದು ಮಾತು ಹೇಳಿಸಿದರೆ ಫೋನಿಲ್ಲದ ಮುದುಕಿಗೂ ಮುಟ್ಟುತ್ತದೆ.

ಹಕ್ಕಿ ಹಾರಿದರೆ? 2022ರ ಜುಲೈನಲ್ಲಿ ತುಮಕೂರಿನ ಮನೆಯೊಂದರಿಂದ ರುಸ್ತುಮಾ ಎಂಬ ಆಫ್ರಿಕನ್ ಬೂದು ಗಿಳಿ ಹಾರಿಹೋಯಿತು. ಮನೆಯವರು 50,000 ರೂಪಾಯಿ ಬಹುಮಾನ ಸಾರಿದರು, ಊರಲ್ಲೇ ಸಿಕ್ಕ ಖುಷಿಗೆ 85,000 ಕೊಟ್ಟರು. ನಮ್ಮ ಹೊಲದ ಹಸಿರು ಗಿಳಿ ಹಾರಿಹೋದರೆ ಮಾತ್ರ ಸುಮ್ಮನಿರುವುದೇ ಲೇಸು; ಅದನ್ನು ಸಾಕುವುದೇ ಕಾನೂನಿಗೆ ವಿರುದ್ಧ.

ಬಹುಮಾನವೆಂದೊಡನೆ ಠಕ್ಕರೂ ಎಚ್ಚರಗೊಳ್ಳುತ್ತಾರೆ. “ನಾಯಿ ನನ್ನ ಹತ್ರ ಅದ, ಮೊದಲು ಫೋನ್‌ಪೇ ಮಾಡ್ರಿ” ಎಂದವರಿಗೆ ಒಂದು ಪೈಸೆಯೂ ಬೇಡ. ಮೈಮೇಲಿನ ಯಾವುದಾದರೂ ಒಂದು ಗುರುತನ್ನು ಯಾರಿಗೂ ಹೇಳದೆ ಇಟ್ಟುಕೊಂಡು, ಅದನ್ನೇ ಕೇಳಿ.

ಕಂಡ ಮೇಲಿನ ಗಳಿಗೆಯೇ ಸೂಕ್ಷ್ಮ. ನಾಲ್ಕು ದಿನ ಅಲೆದ ನಾಯಿ ತನ್ನವರನ್ನೇ ಕಂಡು ಓಡಬಹುದು. ಬೆನ್ನಟ್ಟಿದರೆ ರಸ್ತೆಗೆ ನುಗ್ಗಿ ಲಾರಿಗೆ ಸಿಗುತ್ತದೆ. ಹುಡುಗರ ಗುಂಪನ್ನು ಹಿಂದೆ ಕಳಿಸಿ, ಮಗ್ಗುಲು ತಿರುಗಿ ನೆಲದ ಮೇಲೆ ಕುಳಿತು, ದಿನವೂ ಕರೆಯುವ ದನಿಯಲ್ಲೇ ಕರೆದು, ರೊಟ್ಟಿ ಚೂರು ಎಸೆಯುತ್ತ ಅದೇ ಹತ್ತಿರ ಬರಲು ಬಿಡಿ. ಬೆಕ್ಕನ್ನು ಎದೆಗವಚಿಕೊಂಡು ಬೈಕ್ ಹತ್ತಬೇಡಿ, ಮುಚ್ಚಳವಿರುವ ಬುಟ್ಟಿ ತನ್ನಿ. ಕಚ್ಚಿದರೆ, ಪರಚಿದರೆ, ನಮ್ಮದೇ ಪ್ರಾಣಿಯೆಂದು ಉದಾಸೀನ ಬೇಡ: ಹರಿಯುವ ನೀರು, ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಿ.

ಮನೆಗೆ ಬಂದ ಕೂಡಲೇ ತಟ್ಟೆ ತುಂಬ ಹಾಕಬಾರದು. ನೀರು, ಊಟ ಎರಡನ್ನೂ ಸ್ವಲ್ಪ ಸ್ವಲ್ಪವೇ ಕೊಡಿ. ಬೇಸಿಗೆಯ ಬಿಸಿಲಿಗೆ ಬಳಲಿ ಏದುಸಿರು ಬಿಡುತ್ತಿದ್ದರೆ ನೆರಳಲ್ಲಿ ಮೈಗೆ ತಣ್ಣೀರು ಹಾಕಿ ಗಾಳಿ ಬೀಸಿ, ಪಶುವೈದ್ಯರಿಗೆ ತೋರಿಸಿ. ಉಣ್ಣೆ, ಗಾಯ, ಕಾಲಿನ ಮುಳ್ಳು ಹುಡುಕಿ. ಕೆಲವು ದಿನ ಒಳಗೇ ಇರಲಿ.

ನಗರದವರು ಈಗ ಚರ್ಮದಡಿ ಅಕ್ಕಿಕಾಳಿನಷ್ಟು ಮೈಕ್ರೋಚಿಪ್ ಹಾಕಿಸುತ್ತಾರೆ. ಅದು 15 ಅಂಕಿಯ ಸಂಖ್ಯೆ ಹೇಳುತ್ತದೆಯೇ ಹೊರತು ಪ್ರಾಣಿ ಎಲ್ಲಿದೆ ಎಂದು ತೋರಿಸುವುದಿಲ್ಲ. ಓದಲು ಯಂತ್ರವೂ ಬೇಕು. ಹಳ್ಳಿಯಲ್ಲಿ ಕೊರಳಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ಬರೆದ ಫೋನ್ ನಂಬರೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಿಮ್ ಬದಲಿಸಿದ ದಿನವೇ ಅದನ್ನೂ ಬದಲಿಸಿ.