ಹಿಡಿಯುವುದು ಸುಲಭ, ಬಿಡುವುದಕ್ಕೇ ಬೇಕು ಶಕ್ತಿ

ಹೊಸಪೇಟೆ: ಇಲ್ಲಿಂದ ಸಂಡೂರು, ಕಂಪ್ಲಿಯವರೆಗಿನ ಊರುಗಳಲ್ಲಿ ಲಿಂಗಾಯತರ ಮನೆಯೊಂದರಲ್ಲಿ ಸಾವು ಸಂಭವಿಸಿದರೆ, ಅಳುವಿನ ನಡುವೆಯೇ ಹಿರಿಯರು ಅವಸರಪಡಿಸುತ್ತಾರೆ. ಸಮಾಧಿಯಲ್ಲಿ ಕುಳ್ಳಿರಿಸುವುದು ಸಂಪ್ರದಾಯವಾದ್ದರಿಂದ ಶವದ ಕಾಲು ಮಡಚಿ, ಗೋಡೆಗೆ ಒರಗಿಸಿ ಬೇಗನೆ ಕೂರಿಸಬೇಕು. ತಡವಾದರೆ ದೇಹ ಸೆಟೆದುಕೊಂಡು ಮಂಡಿ ಬಾಗುವುದಿಲ್ಲ. ಪ್ರಾಣ ಹೋದ ಮೇಲೆ ಸಡಿಲವಾಗಬೇಕಾದ ದೇಹ ಬಿಗಿಯುವುದೇಕೆ? ಇದರ ಉತ್ತರ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಪ್ರೋಟೀನುಗಳ ಪರಸ್ಪರ ಹಿಡಿತದಲ್ಲಿದೆ.

1520ರ ಸುಮಾರಿಗೆ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ನಸುಕಿನಲ್ಲೇ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಬಳಿಕ ಜಟ್ಟಿಯೊಡನೆ ಕುಸ್ತಿಗಿಳಿಯುತ್ತಿದ್ದನೆಂದು ಬರೆದಿದ್ದಾನೆ. ರಾಯನ ತೋಳಿನಲ್ಲಿ ಅಂದು ನಡೆದದ್ದೂ, ಕಂಪ್ಲಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವವರ ಬೆನ್ನಿನಲ್ಲಿ ಇಂದು ನಡೆಯುವುದೂ ಒಂದೇ ಕ್ರಿಯೆ. ಸ್ನಾಯುವಿನೊಳಗೆ ಮಯೋಸಿನ್‌ನ ದಪ್ಪ ತಂತುಗಳೂ ಆಕ್ಟಿನ್‌ನ ತೆಳು ತಂತುಗಳೂ ಒಂದರ ನಡುವೆ ಒಂದು ಸೇರಿಕೊಂಡಿವೆ. ಸ್ನಾಯು ಕುಗ್ಗುವಾಗ ಈ ತಂತುಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದವು. ಎರಡರಲ್ಲೂ ಹಕ್ಸ್‌ಲಿ ಎಂಬ ಹೆಸರಿನವರಿದ್ದರು. ಒಬ್ಬರು ಹ್ಯೂ, ಇನ್ನೊಬ್ಬರು ಆಂಡ್ರ್ಯೂ. ಪರಸ್ಪರ ಬಂಧುಗಳಲ್ಲ.

ಜಾರಿಸುವುದು ಯಾರು? ತುಂಗಭದ್ರೆಯಲ್ಲಿ ಪಾಯೆಸ್ ಕಂಡ ಬುಟ್ಟಿಯಾಕಾರದ ಹರಿಗೋಲನ್ನೇ ನೆನೆಯಬಹುದು. ಅಂಬಿಗ ಹುಟ್ಟನ್ನು ನೀರಿಗಿಳಿಸುತ್ತಾನೆ, ಎಳೆಯುತ್ತಾನೆ, ಮೇಲೆತ್ತುತ್ತಾನೆ, ಮತ್ತೆ ಇಳಿಸುತ್ತಾನೆ. ಮಯೋಸಿನ್ ತಂತುವಿನಿಂದ ಹೊರಚಾಚಿದ ನೂರಾರು ‘ತಲೆ’ಗಳು ಇಂತಹ ಹುಟ್ಟುಗಳು. ಮಿದುಳಿನ ಸಂದೇಶ ಬಂದೊಡನೆ ಸ್ನಾಯುಕೋಶದಲ್ಲಿ ಕ್ಯಾಲ್ಸಿಯಂ ಹರಿದು, ಆಕ್ಟಿನ್ ಮೇಲಿನ ತಡೆ ಸರಿಯುತ್ತದೆ. ತಲೆ ಆಕ್ಟಿನ್ನಿಗೆ ಅಂಟಿ, ಬಾಗಿ, ಅದನ್ನು ಎಳೆಯುತ್ತದೆ. ಒಂದು ಎಳೆತದ ದೂರ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು ಹತ್ತು ಪಾಲು ಮಾತ್ರ. ಆದರೆ ಎಲ್ಲ ತಲೆಗಳೂ ಒಟ್ಟಿಗೆ ಕೈಬಿಡುವುದಿಲ್ಲ. ಕೆಲವು ಹಿಡಿದಿರುವಾಗ ಕೆಲವು ಬಿಡುತ್ತವೆ. ಇಲ್ಲವಾದಲ್ಲಿ ಎತ್ತಿದ ಕೊಡ ಕೈಜಾರುತ್ತಿತ್ತು.

ಅಚ್ಚರಿಯ ಅಂಶ ಮುಂದಿದೆ. ಎಳೆತ ಮುಗಿಸಿದ ತಲೆ ತಾನಾಗಿ ಬಿಡಿಸಿಕೊಳ್ಳಲಾರದು. ಆಹಾರದಿಂದ ದೇಹ ತಯಾರಿಸುವ ಎಟಿಪಿ ಎಂಬ ಅಣು ಬಂದು ತಲೆಗೆ ಕೂಡಿಕೊಂಡಾಗಲೇ ಹಿಡಿತ ಸಡಿಲುತ್ತದೆ. ಬಳಿಕ ಆ ಎಟಿಪಿ ಒಡೆದು, ಮುಂದಿನ ಎಳೆತಕ್ಕೆ ತಲೆಯನ್ನು ಸಜ್ಜುಗೊಳಿಸುತ್ತದೆ. ಸಾವಿನ ನಂತರ ಎಟಿಪಿ ತಯಾರಿಕೆ ನಿಲ್ಲುತ್ತದೆ, ಕ್ಯಾಲ್ಸಿಯಂ ಸೋರುತ್ತದೆ. ಅಂಟಿದ ತಲೆಗಳು ಅಂಟಿಯೇ ಉಳಿಯುತ್ತವೆ. ಮೊದಲು ರೆಪ್ಪೆ, ದವಡೆ, ಕುತ್ತಿಗೆ, ಬಳಿಕ ಕೈಕಾಲು ಬಿಗಿಯುವುದು ಸಾಮಾನ್ಯ ಕ್ರಮ. ಪ್ರೋಟೀನುಗಳೇ ಕೊಳೆಯತೊಡಗಿದಾಗ ಬಿಗಿತ ಇಳಿಯುತ್ತದೆ. ಸೆಖೆಯಲ್ಲಿ ಈ ಬಿಗಿತ ಬೇಗ ಬಂದು ಬೇಗ ಹೋಗುವುದರಿಂದ, ಬಿಸಿಲ ನಾಡಾದ ಈ ಭಾಗದಲ್ಲಿ ಮರಣೋತ್ತರ ಪರೀಕ್ಷೆ ನಡೆಸುವ ವೈದ್ಯರು ಸಾವಿನ ವೇಳೆಯನ್ನು ಅಂದಾಜಿಸುವಾಗ ಹವಾಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಹಿರಿಯರ ಅವಸರಕ್ಕೆ ಕಾರಣ ಇದೇ.

ಬದುಕಿರುವವರಿಗೂ ಈ ಹಿಡಿತದ ಹದ ಮುಖ್ಯ. ಹೃದಯದ ಸ್ನಾಯುವಿನಲ್ಲಿ ಆ ಹದ ಕಾಯುವ ಪ್ರೋಟೀನುಗಳಲ್ಲೊಂದರ ಜೀನ್‌ನಲ್ಲಿ ಸಣ್ಣದೊಂದು ತುಣುಕು ಕಳೆದುಹೋದ ಬದಲಾವಣೆ ದಕ್ಷಿಣ ಏಷ್ಯಾದ ಸುಮಾರು ಶೇ. 4ರಷ್ಟು ಜನರಲ್ಲಿದೆ ಎಂದು 2009ರಲ್ಲಿ ಭಾರತೀಯ ವಿಜ್ಞಾನಿಗಳನ್ನೊಳಗೊಂಡ ತಂಡ ‘ನೇಚರ್ ಜೆನೆಟಿಕ್ಸ್’ ಪತ್ರಿಕೆಯಲ್ಲಿ ವರದಿ ಮಾಡಿತು. ಅದನ್ನು ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ. ಆದರೆ ಹೃದಯಸ್ನಾಯುವಿನ ಕಾಯಿಲೆಗೆ ಅದರ ನಂಟಿದೆ. ಕುಟುಂಬದಲ್ಲಿ ಯಾರಾದರೂ ಎಳೆ ವಯಸ್ಸಿನಲ್ಲಿ ಹಠಾತ್ತನೆ ಕುಸಿದು ಸತ್ತಿದ್ದರೆ ಉಳಿದವರು ಹೃದ್ರೋಗ ತಜ್ಞರನ್ನು ಕಾಣುವುದು ಒಳಿತು. ಹೃದಯದ ಗೋಡೆ ದಪ್ಪವಾಗಿ ರಕ್ತದ ಹಾದಿಗೆ ಅಡ್ಡಬರುವ ಒಂದು ಬಗೆಯ ಕಾಯಿಲೆಗೆ 2022ರಲ್ಲಿ ಅಮೆರಿಕ ಅನುಮೋದಿಸಿದ ಮಾವಕಾಮ್ಟೆನ್ ಎಂಬ ಔಷಧ, ಆಕ್ಟಿನ್ನನ್ನು ಹಿಡಿಯಲು ಮುಂದಾಗುವ ಮಯೋಸಿನ್ ತಲೆಗಳ ಸಂಖ್ಯೆಯನ್ನೇ ತಗ್ಗಿಸುತ್ತದೆ.