ಕರುಳಿನ ಕ್ಯಾನ್ಸರ್ ಪತ್ತೆಗೆ ಕಾಣದ ಬೆಳಕಿನ ನೆರವು

ಮಲದಲ್ಲಿ ರಕ್ತ ಕಂಡರೆ ನಮ್ಮಲ್ಲಿ ಹೆಚ್ಚಿನವರು ಮೂಲವ್ಯಾಧಿ ಎಂದುಕೊಂಡು ಸುಮ್ಮನಾಗುತ್ತಾರೆ. ಯುನಾನಿ ಚಿಕಿತ್ಸಾಲಯಕ್ಕೆ ಬರುವವರೂ 'ಬವಾಸೀರ್‌ಗೆ ಔಷಧಿ ಕೊಡಿ' ಎಂದೇ ಕೇಳುತ್ತಾರೆ. ಅನೇಕ ಬಾರಿ ಅದು ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲೂ ಇದೇ ಲಕ್ಷಣ ಕಾಣಿಸಬಹುದು. ನಾಡಿ ಹಿಡಿದು ನೋಡಿ ಇದು ಯಾವುದೆಂದು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ.

ಖಚಿತವಾಗುವುದು ಬಯಾಪ್ಸಿಯಿಂದ. ಕೊಲೊನೋಸ್ಕೋಪಿ ಮಾಡುವಾಗ ಸಂಶಯವಿರುವ ಜಾಗದಿಂದ ಸಣ್ಣ ಚೂರು ತೆಗೆಯುತ್ತಾರೆ. ಅದನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಪೆಥಾಲಜಿಸ್ಟ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಗಳನ್ನು ಗುರುತಿಸುವಾಗ ಒಮ್ಮೊಮ್ಮೆ ತಜ್ಞರಲ್ಲೇ ಅಭಿಪ್ರಾಯ ಭೇದ ಬರುವುದುಂಟು. ಇಂಥಲ್ಲಿ ನೆರವಾಗಬಲ್ಲ ವಿಧಾನವೇ ಇನ್‌ಫ್ರಾರೆಡ್ ಸ್ಪೆಕ್ಟ್ರೋಸ್ಕೋಪಿ.

ಇನ್‌ಫ್ರಾರೆಡ್ ಎಂದರೆ ಕೆಂಪು ಬಣ್ಣದ ಆಚೆಗಿರುವ, ಕಣ್ಣಿಗೆ ಕಾಣದ ಬೆಳಕು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಇದನ್ನು ಕಂಡುಹಿಡಿದರು. ಪ್ರೊಟೀನ್, ಕೊಬ್ಬು, ಡಿಎನ್‌ಎ ಇವು ಈ ಬೆಳಕಿನ ಬೇರೆ ಬೇರೆ ತರಂಗಗಳನ್ನು ಹೀರಿಕೊಳ್ಳುತ್ತವೆ. ಜೀವಕೋಶ ಕ್ಯಾನ್ಸರ್‌ಗೆ ತಿರುಗಿದಾಗ ಇವುಗಳ ಪ್ರಮಾಣ ಮತ್ತು ರಚನೆ ಬದಲಾಗುತ್ತದೆ. ಆಗ ಬೆಳಕನ್ನು ಹೀರುವ ರೀತಿಯೂ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಕಂಪ್ಯೂಟರ್ ಗುರುತಿಸುತ್ತದೆ. ಚೂರಿಗೆ ಬಣ್ಣ ಹಾಕುವ ಅಗತ್ಯವಿಲ್ಲ.

ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ಲೇಸರ್ ಬಳಸುವ ಇನ್‌ಫ್ರಾರೆಡ್ ಸೂಕ್ಷ್ಮದರ್ಶಕದಿಂದ ಕರುಳಿನ ಕ್ಯಾನ್ಸರ್ ಅಂಗಾಂಶಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಯಂತ್ರದ ಫಲಿತಾಂಶ ಪೆಥಾಲಜಿಸ್ಟರ ತೀರ್ಮಾನಕ್ಕೆ ಬಹುಮಟ್ಟಿಗೆ ಹೊಂದಿಕೆಯಾಗಿತ್ತು. ಹಿಂದೆ ಬಹಳ ಹೊತ್ತು ಹಿಡಿಯುತ್ತಿದ್ದ ಇನ್‌ಫ್ರಾರೆಡ್ ಪರೀಕ್ಷೆ ಕೆಲವೇ ನಿಮಿಷಗಳಿಗೆ ಇಳಿಯಿತು.

ಒಂದು ಮಾತು ನೆನಪಿಡಿ. ಬೆನ್ನುನೋವಿಗೆ ಶಾಖ ಕೊಡುವ ಇನ್‌ಫ್ರಾರೆಡ್ ದೀಪದಂತೆ ಇದನ್ನು ಹೊಟ್ಟೆಯ ಮೇಲೆ ಹಾಯಿಸಿ ಕ್ಯಾನ್ಸರ್ ಇದೆಯೋ ಇಲ್ಲವೋ ಹೇಳಲಾಗದು. ಇದಕ್ಕೂ ಅಂಗಾಂಶದ ಚೂರು ಬೇಕು. ಇದು ಪೆಥಾಲಜಿಸ್ಟರ ಕೈಗೆ ಬರುವ ಇನ್ನೊಂದು ಸಾಧನವೇ ಹೊರತು ಅವರ ಬದಲಿಯಲ್ಲ. ರೋಗಿಯೇ ಬಾರದಿದ್ದರೆ ಯಾವ ಯಂತ್ರವೂ ನೆರವಾಗದು.

ಮಲದಲ್ಲಿ ರಕ್ತ, ಕೆಲವು ವಾರಗಳಿಂದ ಮಲವಿಸರ್ಜನೆಯ ಅಭ್ಯಾಸದಲ್ಲಿ ಬದಲಾವಣೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೆ ತಡ ಮಾಡಬೇಡಿ. ಮನೆಯಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ ಇನ್ನೂ ಎಚ್ಚರ ಬೇಕು. ಸಂಕೋಚದಿಂದ ತಾಯಂದಿರು ಮಕ್ಕಳಿಗೂ ಹೇಳುವುದಿಲ್ಲ. ಮಕ್ಕಳೇ ಮೆಲ್ಲಗೆ ಕೇಳಿ ತಿಳಿದುಕೊಳ್ಳಿ. ಮೊದಲು ಪರೀಕ್ಷೆ ಆಗಲಿ. ಮೂಲವ್ಯಾಧಿ ಎಂದು ಖಚಿತವಾದರೆ ಅದಕ್ಕೆ ಔಷಧಿ ಇದ್ದೇ ಇದೆ. ಕ್ಯಾನ್ಸರ್ ಆಗಿದ್ದರೂ ಬೇಗ ತಿಳಿದಷ್ಟು ಗುಣವಾಗುವ ಸಾಧ್ಯತೆ ಹೆಚ್ಚು.