ಐಸ್ ಕರಗಲಿ, ಆದರೆ ಮೀನಿಗಾಗಿ

ಮಲ್ಪೆಯ ಮೀನು ಆಗುಂಬೆ ಘಾಟಿ ಹತ್ತಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆಗೆ ಬರಬೇಕಾದರೆ ಹಲವು ಗಂಟೆಗಳು ಬೇಕು. ಕಿಗ್ಗದ ಆಚೆಗಿನ ಸಿರಿಮನೆಯಂತಹ ಊರಿನ ಅಡುಗೆಮನೆ ತಲುಪುವಾಗ ಇನ್ನಷ್ಟು ತಡವಾಗುತ್ತದೆ. ಅಷ್ಟು ಹೊತ್ತೂ ಮೀನನ್ನು ಕಾಯುವುದು ಐಸ್. ಆದ್ದರಿಂದ ಐಸ್ ಹೇಗೆ ಕರಗುತ್ತದೆ ಎಂಬುದು ನಮ್ಮ ಮಕ್ಕಳ ಆರೋಗ್ಯಕ್ಕೂ ಸಂಬಂಧಿಸಿದ ವಿಷಯ.

ಐಸ್ ತಂಪು ಕೊಡುತ್ತದೆ ಎನ್ನುತ್ತೇವೆ. ನಿಜವಾಗಿ ಅದು ಪಕ್ಕದಲ್ಲಿರುವ ವಸ್ತುವಿನ ಶಾಖವನ್ನು ಹೀರಿಕೊಂಡು ತಾನು ನೀರಾಗುತ್ತದೆ. ಸೊನ್ನೆ ಡಿಗ್ರಿಯ 1 ಗ್ರಾಂ ಐಸ್ ಕರಗಲು 80 ಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖದಿಂದ 1 ಗ್ರಾಂ ತಣ್ಣೀರನ್ನು ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು! ಕರಗಿ ಮುಗಿಯುವ ತನಕ ಉಷ್ಣತೆ ಮಾತ್ರ ಏರುವುದಿಲ್ಲ. ಇದನ್ನೇ ಗುಪ್ತೋಷ್ಣ ಎನ್ನುತ್ತಾರೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ವಿವರಿಸಿದರು.

ಈ ಲೆಕ್ಕದಂತೆ 30 ಡಿಗ್ರಿಯಲ್ಲಿರುವ 1 ಕಿಲೋ ಮೀನನ್ನು ಸೊನ್ನೆಗೆ ಇಳಿಸಲು ಸುಮಾರು 300 ಗ್ರಾಂ ಐಸ್ ಸಾಕು. ಆದರೂ ನಮ್ಮಂತಹ ಬಿಸಿ ಪ್ರದೇಶದಲ್ಲಿ ಮೀನಿನ ತೂಕದಷ್ಟೇ ಐಸ್ ಹಾಕಬೇಕು ಎನ್ನುತ್ತಾರೆ ತಜ್ಞರು. ಉಳಿದ ಐಸ್ ಎಲ್ಲಿ ಹೋಯಿತು? ಹೊರಗಿನ ಶಾಖಕ್ಕೆ ಬಲಿಯಾಯಿತು. ಇಲ್ಲೇ ಇದೆ ಗುಟ್ಟು. ಐಸ್ ಮೀನಿನ ಶಾಖಕ್ಕೆ ಕರಗಬೇಕು, ಹೊರಗಿನ ಶಾಖಕ್ಕೆ ಕರಗಬಾರದು.

ಹೊರಗಿನ ಶಾಖ ತಡೆಯಲು ನಿಂತ ಗಾಳಿಗಿಂತ ಅಗ್ಗದ ಸಾಧನವಿಲ್ಲ. ಥರ್ಮೋಕೋಲ್, ಮರದ ಹುಡಿ, ಭತ್ತದ ಹೊಟ್ಟು ಎಲ್ಲವೂ ತಮ್ಮೊಳಗೆ ಗಾಳಿಯನ್ನು ಹಿಡಿದಿಡುತ್ತವೆ. 1833ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಸುಮಾರು 180 ಟನ್ ಐಸ್ ಹೊತ್ತು ಹೊರಟ ಹಡಗು ನಾಲ್ಕು ತಿಂಗಳ ಬಳಿಕ ಕಲ್ಕತ್ತಾ ತಲುಪಿದಾಗ ಸುಮಾರು 100 ಟನ್ ಉಳಿದಿತ್ತಂತೆ. ಆ ವ್ಯಾಪಾರದಲ್ಲಿ ಐಸನ್ನು ಕಾಪಾಡುತ್ತಿದ್ದುದು ಮರದ ಹುಡಿ. ದೊಡ್ಡ ಗಡ್ಡೆ ಪುಡಿಗಿಂತ ನಿಧಾನವಾಗಿ ಕರಗುವುದೂ ನಿಜ. ಆದರೆ ಮೀನಿಗೆ ಪುಡಿಯೇ ಒಳ್ಳೆಯದು, ಅದು ಎಲ್ಲ ಕಡೆಯಿಂದಲೂ ತಾಗುತ್ತದೆ.

ಮಲೆನಾಡಿನ ಮಳೆಗಾಲ ತಂಪಾದುದರಿಂದ ಐಸ್ ಉಳಿಯುತ್ತದೆ ಎಂದುಕೊಳ್ಳಬೇಡಿ. ಗಾಳಿಯ ತೇವಾಂಶ 1 ಗ್ರಾಂನಷ್ಟು ಐಸಿನ ಮೇಲೆ ನೀರಾಗಿ ಕೂತರೆ, ಅದು ಬಿಡುವ ಶಾಖಕ್ಕೆ 7 ಗ್ರಾಂ ಐಸ್ ಕರಗೀತು. ಆದ್ದರಿಂದ ಮುಚ್ಚಳ ಪದೇ ಪದೇ ತೆರೆಯಬಾರದು. ಉಪ್ಪು ಹಾಕಿದರೆ ಐಸ್ ಬಾಳುತ್ತದೆ ಎಂಬುದೂ ತಪ್ಪು. ಉಪ್ಪಿನಿಂದ ತಂಪು ಹೆಚ್ಚುತ್ತದೆ, ಆದರೆ ಐಸ್ ಬೇಗನೆ ಕರಗುತ್ತದೆ.

ಐಸ್ ಸಾಲದಿದ್ದರೆ ಏನಾಗುತ್ತದೆ? ಬಂಗುಡೆ, ಬೂತಾಯಿಯಂತಹ ಮೀನುಗಳು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳಿಂದ ಅವುಗಳಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ತಿಂದವರ ಮುಖ ಕೆಂಪಾಗಿ, ತುರಿಕೆ, ತಲೆನೋವು, ವಾಂತಿ ಕಾಣಿಸಿಕೊಳ್ಳಬಹುದು. ಎಷ್ಟು ಬೇಯಿಸಿದರೂ, ಹುಳಿ ಖಾರ ಹಾಕಿದರೂ ಅದು ನಾಶವಾಗುವುದಿಲ್ಲ. ಮತ್ತೆ ಐಸ್‌ನಲ್ಲಿಟ್ಟರೂ ಹೋಗುವುದಿಲ್ಲ.

ಹಾಗಾಗಿ ಸಹೋದರಿಯರೇ, ಬಾಗಿಲಿಗೆ ಮೀನು ಬಂದಾಗ ಕ್ರಯ ಕೇಳುವ ಮೊದಲು ಪೆಟ್ಟಿಗೆಯೊಳಗೆ ನೋಡಿ. ಐಸ್ ಇನ್ನೂ ಉಳಿದಿದೆಯೇ? ಅದು ಮೀನಿನ ಮೇಲೂ ಕೆಳಗೂ ಇದೆಯೇ? ಕರಗಿದ ಕೊಳೆ ನೀರು ಹರಿದು ಹೋಗುತ್ತಿದೆಯೇ? ಮೀನು ಮುಟ್ಟಿದರೆ ಕೈ ಕೊರೆಯುತ್ತದೆಯೇ? ಕೊಂಡ ಮೇಲೆ ಅಂಗಳದಲ್ಲಿ ಬಿಡದೆ ಬೇಗನೆ ಶುಚಿಗೊಳಿಸಿ ಫ್ರಿಜ್‌ನಲ್ಲಿಡಿ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆರೆಯದಂತೆ ಮಕ್ಕಳಿಗೆ ಹೇಳಿ. ಉಳಿದ ಐಸ್ ಚೂರುಗಳೊಂದಿಗೆ ಮೀನನ್ನು ಮುಚ್ಚಳವಿರುವ ಪಾತ್ರೆಯಲ್ಲಿಟ್ಟು, ಒಣ ಕಂಬಳಿ ಹೊದಿಸಿದರೆ ಇನ್ನೂ ಸ್ವಲ್ಪ ಹೊತ್ತು ತಣ್ಣಗಿರುತ್ತದೆ. ಕಂಬಳಿ ಬಿಸಿ ಮಾಡುವುದಿಲ್ಲ, ಹೊರಗಿನ ಶಾಖವನ್ನು ತಡೆಯುತ್ತದೆ ಅಷ್ಟೇ.